ಸಿಕ್ಕ ಸ್ಥಳ

"ಮೂಸೇ, ಮೂಸು. ನಮ್ಮನೆ ನಾಯಿಗಿಂತ ಚೆನ್ನಾಗಿ ಮೂಸ್ತೀಯಲ್ಲೇ ಬೇವರ್ಸಿ! ಅದಕ್ಕಾದ್ರೆ ಫಾರಿನ್ ಬಿಸ್ಕತ್ತು ಹಾಕ್ಬೇಕು, ನೀನು ಎರಡು ತಟ್ಟೆ ಇಡ್ಲೀಲಿ ಮುಗಿಸ್ತೀಯ."

ನಾಗರಾಜು ತನ್ನ ಮಾತಿಗೆ ತಾನೇ ನಕ್ಕ. ಪುಟ್ಟಮಾದಿ ತಿರುಗಿ ನೋಡಲಿಲ್ಲ. ಅವಳು ಮೊಣಕಾಲೂರಿ ಲಾಂಟಾನದ ಪೊದೆಯೊಳಗೆ ಅರ್ಧ ಮೈ ತೂರಿಸಿಕೊಂಡಿದ್ದಳು. ಮುಳ್ಳು ರವಿಕೆಯ ತೋಳು ಹಿಡಿದು ಜಗ್ಗುತ್ತಿತ್ತು. ಹೊಂಗೆಯ ಸಣ್ಣ ಕೊಂಬೆಯೊಂದನ್ನು ಬಗ್ಗಿಸಿ ಮೂಗಿನ ಹತ್ತಿರ ತಂದಳು. ಕಾಡುಪಾಪ ತನ್ನ ಉಚ್ಚೆಯಲ್ಲೇ ಕೈಕಾಲು ಉಜ್ಜಿಕೊಂಡು ಮರ ಹತ್ತುವ ಜೀವ. ಅದು ಹೋದ ದಾರಿಯೆಲ್ಲ ಹುಳಿ ಘಾಟು. ಆ ಘಾಟು ಹಿಡಿದು ಹೋದರೆ, ಹಗಲೆಲ್ಲ ಅದು ಮಲಗುವ ಬಳ್ಳಿಯ ಸಿಕ್ಕು ಸಿಗುತ್ತದೆ. ಅವಳ ಹಾಗೆ ಕಾಡಲ್ಲಿ ಹುಟ್ಟಿದ ಇರುಳಿಗರ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನಡಿಗೆ ಬಂದ ಹಾಗೆ ಬರುತ್ತದೆ.

"ಅಗಾ, ಅಲ್ಲಿ," ಎಂದಳು.

"ಎಲ್ಲಿ ಆಂಟಿ? ನಂಗೆ ಬರೀ ಎಲೆ ಕಾಣ್ತಿದೆ," ಎಂದ ರೇವಂತ್. ಪ್ರಾಣಿಗಳ ಪಟ್ಟಿ ಬರೆಯಲು ನಾಗರಾಜು ಗೊತ್ತುಮಾಡಿಕೊಂಡ ಸರ್ವೆಯವನು ಅವನು.

"ಆ ಬಳ್ಳಿ ಗಂಟು ನೋಡಿ ಸಾರ್. ಗಂಟಲ್ಲ ಅದು."

ಬೂದುಬಣ್ಣದ ಗಂಟು ನಿಧಾನವಾಗಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ರೇವಂತ್ ಬಾಯಲ್ಲೇ ಶಿಳ್ಳೆ ಹಾಕಿದ. ನಾಲ್ಕು ಫೋಟೊ ತೆಗೆದ, ಫೋನಿನಲ್ಲಿ ಜಾಗ ಗುರುತು ಮಾಡಿದ, ಕಾಂಡಕ್ಕೊಂದು ಕೆಂಪು ಪಟ್ಟಿ ಕಟ್ಟಿದ. ಪುಸ್ತಕದಲ್ಲಿ ಹನ್ನೊಂದನೆಯ ಕಾಡುಪಾಪ ಎಂದು ಬರೆದ.

ಉಲ್ಲಾಳ ಕೆರೆ ದಾಟಿ ಕೆಂಗೇರಿಯ ದಿಕ್ಕಿಗೆ ತಿರುಗಿದರೆ ಸಿಗುವ ಹದಿನಾರು ಎಕರೆ ಕುರುಚಲು ಅದು. ಮೂರು ಕಡೆ ಅಪಾರ್ಟ್‌ಮೆಂಟುಗಳು ಮೈಮೇಲೆ ಬೀಳುವ ಹಾಗೆ ಎದ್ದಿವೆ. ನಾಲ್ಕನೆಯ ಕಡೆ ತಗಡಿನ ಒಂಬತ್ತು ಶೆಡ್ಡುಗಳು, ಅದರಲ್ಲೊಂದು ಪುಟ್ಟಮಾದಿಯದು. ಅವಳ ಮಾವ ಇಲ್ಲಿ ಜೇನು ಕಿತ್ತವನು. ಪಹಣಿಯಲ್ಲಿ ಮಾತ್ರ ನಾಗರಾಜುವಿನ ಅಪ್ಪನ ಹೆಸರು. ಈಗ ನಾಗರಾಜು ಲೇಔಟ್ ಮಾಡಲು ಹೊರಟಿದ್ದ. ಅದಕ್ಕೆ ಮೊದಲು, ಈ ನೆಲದಲ್ಲಿ ಯಾವ ಪ್ರಾಣಿ ಇದೆ, ಯಾವುದಿಲ್ಲ ಎಂದು ಬರೆದುಕೊಡಬೇಕಂತೆ. ಆಮೇಲೆ ಅಧಿಕಾರಿ ಬಂದು ನೋಡಬೇಕಂತೆ.

ಕಾಡುಪಾಪ ಮಲಗುವ ಮರವನ್ನು ಹೊರಗಿನವರಿಗೆ ತೋರಿಸಬಾರದು ಎಂಬುದು ಅವಳ ಜನರ ಕಟ್ಟುಪಾಡು. ಪುಟ್ಟಮಾದಿ ಅದನ್ನು ಮುರಿದಿದ್ದಳು. ಎರಡು ವರ್ಷದ ಕೆಳಗೆ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಓದುವ ಹುಡುಗಿ ಚೈತ್ರ ಬಂದು ಓತಿಕೇತಗಳ ಲೆಕ್ಕ ಮಾಡುವಾಗ ಅವಳ ಶೆಡ್ಡಿನ ಮುಂದೆ ಕೂತು ಹೇಳಿದ್ದಳು: "ಪುಸ್ತಕಕ್ಕೆ ಬಂದಿರೋ ಪ್ರಾಣಿ ಇದ್ರೆ ಆ ಜಾಗಕ್ಕೆ ಸುಮ್ನೆ ಜೆಸಿಬಿ ನುಗ್ಸೋಕಾಗಲ್ಲ ಅಜ್ಜಿ. ಬರೆದಿಲ್ಲ ಅಂದ್ರೆ ಮಾತ್ರ ಯಾರೂ ಕೇಳೋರಿಲ್ಲ." ಆ ಮಾತು ಮುದುಕಿಯ ಎದೆಯಲ್ಲಿ ಬೇರುಬಿಟ್ಟಿತ್ತು. ಹಾಗಾಗಿ ಹನ್ನೆರಡು ದಿನ ನಾಯಿಯ ಹಾಗೆ ಮೂಸಿ, ಉಡದ ಬಿಲ, ಚಿಪ್ಪುಹಂದಿ ಕೆದಕಿದ ಹುತ್ತ, ಪುನುಗುಬೆಕ್ಕಿನ ದಾರಿ, ಎಲ್ಲವನ್ನೂ ಕೈಯಾರೆ ತೋರಿಸಿಕೊಟ್ಟಿದ್ದಳು. ಬರೆಯಲಿ. ಎಲ್ಲವೂ ಪುಸ್ತಕಕ್ಕೆ ಬರಲಿ.

*

ಎಂಟು ದಿನವಾದ ಮೇಲೆ ಬೆಳಿಗ್ಗೆ ಸೌದೆಗೆಂದು ಹೋದವಳು ಮೊದಲನೆಯ ಕೆಂಪು ಪಟ್ಟಿಯ ಮರದ ಕೆಳಗೆ ನಿಂತಳು. ಬಳ್ಳಿಯ ಸಿಕ್ಕು ಬಿಚ್ಚಿಹೋಗಿತ್ತು. ಕೊಂಬೆಯನ್ನು ಮೂಸಿದಳು. ಗುಟ್ಕಾ, ರಬ್ಬರ್ ಗ್ಲೌಸು, ಮನುಷ್ಯರ ಬೆವರು. ಎರಡನೆಯ ಮರದಲ್ಲೂ ಅದೇ. ಐದನೆಯದರ ಬುಡದಲ್ಲಿ ಬೆರಳುದ್ದದ ಒಂದು ಕೈ ಬಿದ್ದಿತ್ತು. ಮಗುವಿನ ಕೈಯ ಹಾಗೆಯೇ ಉಗುರು, ರೇಖೆ. ಇರುವೆ ಮುತ್ತಿತ್ತು. ಅವಳು ಅದನ್ನು ಮಣ್ಣಿನಲ್ಲಿ ಮುಚ್ಚಿ ಉಳಿದ ಆರು ಮರಗಳನ್ನೂ ನೋಡಿ ಬಂದಳು. ಉಡದ ಬಿಲದ ಬಾಯಿ ಸುಟ್ಟು ಕರ್ರಗಾಗಿತ್ತು.

ನಲ್ಲಿಯ ಹತ್ತಿರ ಪಕ್ಕದ ಶೆಡ್ಡಿನ ಹನುಮವ್ವ ಕೊಡ ತೊಳೆಯುತ್ತಿದ್ದಳು. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದು ಆರು ವರ್ಷ. ಬಾಯಿ ಮಾತ್ರ ಇನ್ನೂ ಊರಿನದೇ.

"ಯಾಕ ಅಜ್ಜಿ, ಮಾರಿ ಹಿಂಗ್ಯಾಕ ಮಾಡೀದಿ? ನಿನ್ನ ಮರದಾಗಿನ ಮೊಮ್ಮಕ್ಕಳು ಕಾಣವಲ್ಲವೇನು?"

"ಒಂದೂ ಇಲ್ಲ ಹನುಮಿ."

ಹನುಮವ್ವನ ನಗು ನಿಂತಿತು. ಕೊಡ ಕೆಳಗಿಟ್ಟು ಹತ್ತಿರ ಬಂದಳು. "ಮೊನ್ನಿ ನಾಗರಾಜನ ಮಂದಿ ಗೋಣಿಚೀಲ ಹೊತಗೊಂಡು ಬಂದಿದ್ರು. ಹಾವು ಹಿಡಿಯಾಕ ಅಂದ್ರು. ಕಾರಿನಾಗ ನಿಂಬಿಹಣ್ಣು, ಕುಂಕುಮ ಇತ್ತಬೇ. ನಾಳಿ ಅಮಾಸಿ, ಮಾಟ ಮಾಡಾವ್ರು ಕಾಡುಪಾಪ ಕೊಳ್ತಾರಂತ."

ಪುಟ್ಟಮಾದಿ ಸೌದೆ ಹೊರೆ ಅಲ್ಲೇ ಬಿಟ್ಟು ನಾಗರಾಜುವಿನ ಸೈಟ್ ಆಫೀಸಿಗೆ ನಡೆದಳು. ರೇವಂತ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅವಳನ್ನು ಕಂಡು ಅದನ್ನು ಮುಚ್ಚಿದ.

"ಸಾರ್, ನಾ ತೋರ್ಸಿದ್ದು ಎಲ್ಲಿ ಸಾರ್?"

"ಸೇಫಾಗಿ ಬೇರೆ ಕಾಡಿಗೆ ಶಿಫ್ಟ್ ಮಾಡಿದೀವಿ ಆಂಟಿ. ಟೆನ್ಷನ್ ಮಾಡ್ಕೋಬೇಡಿ."

"ಯಾವ ಕಾಡು?"

ರೇವಂತ್ ಚಾರ್ಜರಿನ ವೈರು ಸುತ್ತತೊಡಗಿದ. ಒಳಗಿನಿಂದ ನಾಗರಾಜು ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದ.

"ಏನೇ, ಲೆಕ್ಕ ಕೇಳಕ್ ಬಂದ್ಯಾ? ಕೂತ್ಕೋ, ಅಲ್ಲಲ್ಲ, ನೆಲದ್ ಮೇಲೆ. ಕುರ್ಚಿಗೆ ನಾತ ಹಿಡಿಯತ್ತೆ. ನಾಳೆ ಫಾರೆಸ್ಟಿಂದ ಮೇಡಂ ಬರ್ತಾರೆ. ಇಲ್ಲಿನ ಪ್ರಾಣಿ ಗೊತ್ತಿರೋಳು ಅಂತ ನಿನ್ನ ಕರೀತೀನಿ. 'ಇಲ್ಲೇನೂ ಇಲ್ಲ ತಾಯೀ' ಅಂತ ಹೆಬ್ಬೆಟ್ಟು ಒತ್ತು, ಮನೆಗ್ ಹೋಗು."

"ಇದ್ವಲ್ಲ ಬುದ್ದಿ. ಬರ್ಕೊಂಡಿದಾರೆ."

"ಬರ್ಕೊಂಡಿದ್ದು ಯಾತಕ್ಕೆ ಅಂದ್ಕೊಂಡೆ? ಎಲ್ಲೆಲ್ಲಿ ಅಡಗವೆ ಅಂತ ಗೊತ್ತಾಗ್ಬೇಕಲ್ಲ, ಎತ್ತಾಕಕ್ಕೆ!" ಅವನು ಕಡ್ಡಿಯನ್ನು ಅವಳ ಮುಂದೆ ಎಸೆದ. "ನೀನೇ ತೋರ್ಸಿದ್ದು. ನಂಗೇನ್ ಕಣ್ಣಿತ್ತಾ ಮೂಗಿತ್ತಾ? ನಾಳೆ ಏನಾದ್ರೂ ಬಾಲ ಬಿಚ್ಚಿದ್ರೆ, ಸಂಜೆಗೆ ಒಂಬತ್ತು ಶೆಡ್ಡೂ ಮಕಾಡೆ ಮಲಗ್ತವೆ. ಆ ಯಾದಗಿರಿ ಮುಂಡೇರಿಗೂ ಹೇಳು."

ಪುಟ್ಟಮಾದಿ ಎದ್ದಳು. ಬಾಗಿಲು ದಾಟುವವರೆಗೂ ಅವಳಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

*

ಮಾರನೆಯ ದಿನ ಹುಣಸೆಮರದ ನೆರಳಿನಲ್ಲಿ ಮೇಜು, ಬಿಳಿ ಬಟ್ಟೆ, ಎಳನೀರು. ದೂರದಲ್ಲಿ ಎರಡು ಜೆಸಿಬಿಗಳು ತಲೆ ತಗ್ಗಿಸಿಕೊಂಡು ನಿಂತಿದ್ದವು. ಫಾರೆಸ್ಟ್ ಅಧಿಕಾರಿ ಬಸವರಾಜೇಶ್ವರಿ ಒಬ್ಬ ಗಾರ್ಡನ್ನು ಜೊತೆಗಿಟ್ಟುಕೊಂಡು ಕುರುಚಲಿನಲ್ಲಿ ಒಂದು ಸುತ್ತು ಹಾಕಿ ಬಂದು ಕೂತರು. ಬೂಟಿನ ಮೇಲಿನ ಧೂಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

ರೇವಂತ್ ಓದಿದ: "ಕಾಡುಪಾಪ, ಇಲ್ಲ. ಉಡ, ಇಲ್ಲ. ಚಿಪ್ಪುಹಂದಿ, ಇಲ್ಲ. ಪುನುಗುಬೆಕ್ಕು, ಇಲ್ಲ. ಅಳಿಲು, ಇದೆ."

"ಈಯಮ್ಮ ಇಲ್ಲಿಯೋಳೇ ಮೇಡಂ, ಇರುಳಿಗರೋಳು," ಎಂದ ನಾಗರಾಜು. "ಹೇಳಮ್ಮ ತಾಯಿ, ಹೆದರ್ಕೋಬೇಡ."

ಪುಟ್ಟಮಾದಿ ಅವನ ಕಡೆ ನೋಡದೆ ಹೇಳಿದಳು: "ಹನ್ನೊಂದಿದ್ವು ತಾಯಿ. ಇವರೇ ಫೋಟ ತಗುದ್ರು. ಇವರೇ ಹಿಡ್ಕೊಂಡೋದ್ರು."

"ಕುಡಿದವ್ಳೆ ಮೇಡಂ! ಲೇ ಲೌಡಿ, ಬೆಳಿಗ್ಗೆ ಬೆಳಿಗ್ಗೇನೇ..."

"ಸ್ವಲ್ಪ ಸುಮ್ಮನಿರಿ," ಎಂದರು ಬಸವರಾಜೇಶ್ವರಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನೋಡಮ್ಮ, ನಾನೂ ಹುಡುಕಿದೆ. ಒಂದೂ ಸಿಗಲಿಲ್ಲ. ಬಾಯಿಮಾತು ನಡೆಯಲ್ಲ, ಆಧಾರ ಬೇಕು. ಇಲ್ದಿದ್ರೆ ನಾನು ಇಲ್ಲ ಅಂತಲೇ ಬರೀಬೇಕು."

ಪುಟ್ಟಮಾದಿ ಮೇಜನ್ನು ಬಳಸಿಕೊಂಡು ಹುಣಸೆಮರದ ಹಿಂದಿನ ಬಿದಿರು ಮೆಳೆಗೆ ಹೋದಳು. ಅವಳು ಯಾರಿಗೂ ತೋರಿಸದೆ ಬಿಟ್ಟಿದ್ದ ಜಾಗ ಅದೊಂದೇ. ಮರಿ ಅಪ್ಪಿಕೊಂಡ ತಾಯಿ ಕಾಡುಪಾಪವನ್ನು ತೋರಿಸಲು ಅವಳಿಗೆ ಬೆರಳು ಎದ್ದಿರಲಿಲ್ಲ. ಈಗ ಕೈಯನ್ನೇ ಹಾಕಿದಳು. ತಾಯಿ ಅವಳ ಮಣಿಕಟ್ಟನ್ನು ಕಚ್ಚಿ ಹಿಡಿಯಿತು. "ಕಚ್ಚವ್ವ, ಕಚ್ಚು," ಎಂದಳು ಮೆಲ್ಲಗೆ, ಬಿಡಿಸಿಕೊಳ್ಳಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ರೇವಂತನ ಪುಸ್ತಕದ ಮೇಲೆ ಸೆರಗು ಬಿಚ್ಚಿದಳು.

ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಹೊಟ್ಟೆಗೆ ಬೆರಳಿನಷ್ಟು ಮರಿ ಅಂಟಿಸಿಕೊಂಡು, ಕಾಡುಪಾಪ 'ಇಲ್ಲ' ಎಂದು ಬರೆದ ಹಾಳೆಯನ್ನು ನಾಲ್ಕೂ ಕೈಯಲ್ಲಿ ಹಿಡಿದುಕೊಂಡಿತು. ಎಳನೀರು ಉರುಳಿತು. ರೇವಂತ್ ಕುರ್ಚಿ ಸಮೇತ ಹಿಂದೆ ಸರಿದ.

ಗಾರ್ಡು ಬಂದು ಪುಟ್ಟಮಾದಿಯ ರಟ್ಟೆ ಹಿಡಿದ. "ಏಯ್! ಇದನ್ನ ಮುಟ್ಟಂಗಿಲ್ಲ ಗೊತ್ತಾ? ಶೆಡ್ಯೂಲ್ ಒಂದರ ಪ್ರಾಣಿ. ಮೇಡಂ, ಕೇಸಾಗತ್ತೆ."

"ಆಗತ್ತೆ," ಎಂದರು ಬಸವರಾಜೇಶ್ವರಿ. ಮೊದಲು ತಮ್ಮ ಟೋಪಿಯನ್ನು ತೆಗೆದು ಕಾಡುಪಾಪದ ಮೇಲೆ ನೆರಳಿಗೆ ಹಿಡಿದರು. "ಜೈಲಾಗತ್ತಮ್ಮ ಇದಕ್ಕೆ. ವರ್ಷಗಟ್ಟಲೆ. ತಿಳೀತಾ?"

"ತಿಳೀತು ತಾಯಿ. ಬರ್ಕಳಿ."

ಅವರು ಬ್ಯಾಗಿನಿಂದ ಮಹಜರಿನ ಹಾಳೆ ತೆಗೆದರು. ಆರೋಪಿಯ ಹೆಸರು, ಗಂಡನ ಹೆಸರು, ವಯಸ್ಸು. ಪ್ರಾಣಿ: ಕಾಡುಪಾಪ, ಹೆಣ್ಣು, ಮರಿ ಸಹಿತ, ಜೀವಂತ. ಪೆನ್ನು ಮುಂದಿನ ಸಾಲಿಗೆ ಬಂದು ನಿಂತಿತು.

"ಸಿಕ್ಕ ಸ್ಥಳ?"

"ಇಲ್ಲೇ. ಈ ಹುಣಸೆಮರದಿಂದ ಹತ್ತು ಹೆಜ್ಜೆ, ಬಿದಿರು ಮೆಳೆ. ಸರ್ವೆ ನಂಬರ್ ಹಾಕಿ."

ಆಗ ನಾಗರಾಜುವಿಗೆ ಹೊಳೆಯಿತು. ಮುಖದ ಬಣ್ಣವೇ ಬದಲಾಯಿತು. "ಮೇಡಂ, ಬಿಟ್ಬಿಡಿ ಮೇಡಂ, ವಯಸ್ಸಾದೋಳು. ಕೇಸ್ ಗೀಸ್ ಯಾಕೆ? ಅಜ್ಜೀ, ಹೋಗಜ್ಜೀ ನೀನು, ಮನೇಗ್ ಹೋಗು."

"ಹೋಗಲ್ಲ."

"ಎಲ್ಲಿಂದಾನೋ ತಂದವ್ಳೆ ಮೇಡಂ! ಮಾಗಡಿ ಕಡೆಯಿಂದ, ಮಾರಕ್ಕೆ!"

"ಹಾಗಾದ್ರೆ ಇನ್ನೂ ದೊಡ್ಡ ಕೇಸು," ಎಂದರು ಬಸವರಾಜೇಶ್ವರಿ, ತಲೆ ಎತ್ತದೆ.

"ನಾನ್ ಇಲ್ಲೇ ಹಿಡ್ದೆ, ನಾಗರಾಜ," ಎಂದಳು ಪುಟ್ಟಮಾದಿ. "ಎಲ್ಲಾರೂ ಕಂಡವ್ರೆ. ಕಳ್ಳಿ ಅಂತ ಬೇಕಾದ್ರೆ ಬರೀಲಿ. ಜಾಗ ಮಾತ್ರ ಇದೇ ಬರೀಬೇಕು."

ಶೆಡ್ಡುಗಳ ಕಡೆಯಿಂದ ಹೆಂಗಸರು ಬರುತ್ತಿದ್ದರು. ಗಾರೆ ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ಹನುಮವ್ವ ಎಲ್ಲರಿಗಿಂತ ಮುಂದಿದ್ದಳು. "ಸಾಕ್ಷಿ ಬೇಕಲ್ರಿ ಮೇಡಂ ಅದಕ್ಕ? ನಾ ಅದೀನಿ. ಆಕಿ ಕೈ ಹಾಕಿದ್ದು, ಅದು ಕಚ್ಚಿದ್ದು, ಎರಡೂ ಕಂಡೀನಿ. ಇನ್ನ ಏಳು ಮಂದಿ ಅದೀವಿ, ಎಷ್ಟು ಬೇಕು ಹೇಳ್ರಿ."

"ಶೆಡ್ಡು ಇರಲ್ಲ ಕಣ್ರೇ ಸಂಜೆಗೆ!" ಎಂದು ಅರಚಿದ ನಾಗರಾಜು. ಅರಚುತ್ತಲೇ ಫೋನು ಕಿವಿಗಿಟ್ಟುಕೊಂಡು ಮರದ ಆ ಬದಿಗೆ ಹೋದ. ಅವನ ದನಿ ತಟ್ಟನೆ ತಗ್ಗಿತು. "ಅಣ್ಣಾ... ಹೂಂ ಅಣ್ಣಾ... ಅವರ ಮೇಲಿನೋರಿಗೆ ಒಂದ್ ಮಾತು..."

ಗಾರ್ಡು ಇಂಕ್ ಪ್ಯಾಡು ಮುಂದಿಟ್ಟ. ಪುಟ್ಟಮಾದಿ ಹೆಬ್ಬೆರಳನ್ನು ಅದ್ದಿಕೊಂಡಳು, ಹಾಳೆಗೆ ಒತ್ತಲಿಲ್ಲ.

"ಒತ್ತಮ್ಮ."

"ಮೊದ್ಲು ಬರೀಲಿ. ಬರೆದು ಓದಿ ಹೇಳ್ಲಿ. ಆಮೇಲೆ ಒತ್ತೀನಿ."

ಜೆಸಿಬಿಯೊಂದು ಎಲ್ಲೋ ಸ್ಟಾರ್ಟಾಯಿತು. ಮೇಜಿನ ಮೇಲಿದ್ದ ಬಸವರಾಜೇಶ್ವರಿಯವರ ಫೋನು ಬಿಳಿ ಬಟ್ಟೆಯ ಮೇಲೆ ನಡುಗತೊಡಗಿತು. ಅವರು ಅದರಲ್ಲಿ ಮೂಡಿದ ಹೆಸರನ್ನು ನೋಡಿದರು. ಒಂದು ಕೈ ಟೋಪಿಯ ಮೇಲಿತ್ತು. ಇನ್ನೊಂದರ ಪೆನ್ನಿನ ತುದಿ ಖಾಲಿ ಸಾಲಿಗೆ ತಾಗಿ, ಅಲ್ಲೊಂದು ಚುಕ್ಕೆ ನಿಧಾನವಾಗಿ ದಪ್ಪಗಾಗುತ್ತಿತ್ತು. ಹೆಂಗಸರು ಮೇಜಿನ ಸುತ್ತ ಒತ್ತೊತ್ತಾಗಿ ನಿಂತರು.

"ಬರೀ ತಾಯಿ," ಎಂದಳು ಪುಟ್ಟಮಾದಿ.

ಫೋನು ನಿಂತು, ಮತ್ತೆ ಹೊಡೆದುಕೊಳ್ಳತೊಡಗಿತು.