ಮೂರು ಕಿಲೋಮೀಟರ್ ಹೆಚ್ಚು

ಬೈಕಿನ ಹಿಂದೆ ಕೂತಾಗ ನನ್ನ ತೊಡೆಯ ಮೇಲೆ ಬಟ್ಟೆಯ ಬ್ಯಾಗಿತ್ತು. ಚನ್ನಪಟ್ಟಣ ತಲುಪುವುದರೊಳಗೆ ಈ ಮನುಷ್ಯ ಹೇಳುತ್ತಿರುವುದು ನಿಜ ಅಂತ ಗೊತ್ತಾದರೆ ಇದೇ ಗಾಡಿಯಲ್ಲಿ ಅಕ್ಕೂರಿಗೆ ವಾಪಸ್ಸು. ಸುಳ್ಳು ಅಂತಾದರೆ ಬಸ್ ಸ್ಟ್ಯಾಂಡು, ಅಲ್ಲಿಂದ ದೊಡ್ಡಆಲಹಳ್ಳಿಯ ನನ್ನ ತವರು. ಮಗಳು ರಜೆಗೆಂದು ಆಗಲೇ ಅಲ್ಲಿದ್ದಳು. ನಾನೂ ಹೋದರೆ ಇಬ್ಬರೂ ತಿರುಗಿ ಬರುವುದಿಲ್ಲ ಅಂತ ಮನೆ ಬಾಗಿಲಲ್ಲೇ ಹೇಳಿಬಿಟ್ಟಿದ್ದೆ.

ಈ ಮನುಷ್ಯ ಅಂದರೆ ನನ್ನ ಗಂಡ ಮನೋಹರ. ಹೋದ ವರ್ಷ ಮಗಳ ಕಿವಿಯ ಓಲೆ ಬಿಚ್ಚಿಕೊಂಡು ಹೋಗಿ ಇಸ್ಪೀಟಿಗೆ ಇಟ್ಟು ಬಂದ ಪುಣ್ಯಾತ್ಮ. ಆಮೇಲೆ ಅವಳ ತಲೆ ಮೇಲೆ ಕೈಯಿಟ್ಟು, ಇನ್ನು ಎಲೆ ಮುಟ್ಟುವುದಿಲ್ಲ ಅಂತ ಆಣೆ ಮಾಡಿದರು. ಬರೀ ಆಣೆ ನಂಬಿಕೊಂಡು ಕೂರೋಕೆ ನನಗೇನು ತಲೆ ಕೆಟ್ಟಿದೆಯೇ? ದಿನಾ ಇವರು ಊರವರ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಡುವಾಗ ಬೈಕಿನ ಮೀಟರ್ ನೋಡಿಕೊಳ್ಳುತ್ತಿದ್ದೆ, ಬಂದ ಮೇಲೆ ಇನ್ನೊಮ್ಮೆ. ಹೋಗಿ ಬರಲು ನಲವತ್ತು ಕಿಲೋಮೀಟರ್. ತಿಂಗಳುಗಟ್ಟಲೆ ನಲವತ್ತೇ ಬಂತು. ಯುಗಾದಿ ಕಳೆದದ್ದೇ ನಲವತ್ತಮೂರಾಯಿತು. ಮೂರು ಕಿಲೋಮೀಟರ್ ಅಂದರೆ ಮೇನ್ ರೋಡಿನಿಂದ ಚಲುವಯ್ಯನ ತೆಂಗಿನ ತೋಟಕ್ಕೆ ಹೋಗಿ ಬರುವಷ್ಟು ದಾರಿ. ಆಟ ನಡೆಯುವುದು ಅಲ್ಲೇ.

ಜಗಳವೋ ಜಗಳ. ಇವರದು ಒಂದೇ ಮಾತು.

"ಲೇ, ನಾನ್ ತೋಟದ್ ಕಡೆ ತಲೇನೂ ಹಾಕಿಲ್ಲ ಕಣೆ. ಮೀಟ್ರು ಕೆಟ್ಟೈತೆ."

"ಇಷ್ಟ್ ದಿನ ನೆಟ್ಟಗಿದ್ದ ಮೀಟ್ರು ಈಗ ಕೆಟ್ಟೋಯ್ತಾ? ಯಾರ್ ಕಿವಿಗ್ ಹೂವ ಇಡ್ತೀರಿ?"

ಕೊನೆಗೆ ಅವತ್ತು ಬೆಳಿಗ್ಗೆ ಕೂಗಾಡಿ ಕೂಗಾಡಿ ಇವರೇ ದಾರಿ ಹೇಳಿದರು.

"ರೋಡ್ ಪಕ್ಕದಾಗೆ ಕಿಲೋಮೀಟ್ರು ಕಲ್ಲು ನೆಟ್ಟವ್ರಲ್ಲ, ಅವೂ ಸುಳ್ ಹೇಳ್ತವಾ? ಹಿಂದೆ ಕೂತ್ಕೊ. ನೀನೇ ಲೆಕ್ಕ ಹಾಕು."

ಅದಕ್ಕೇ ಹೊರಟಿದ್ದೆವು. ಇವರ ಹೆಗಲ ಮೇಲಿಂದ ಕತ್ತು ಚಾಚಿ ಮೀಟರ್ ನೋಡುತ್ತಾ ಕೂತಿದ್ದೆ. ಮೊದಲ ಕಲ್ಲು ಕಂಡಾಗ ಅಂಕಿ ಗುರುತಿಟ್ಟುಕೊಂಡೆ. ಎರಡನೆಯ ಕಲ್ಲಿಗೆ ಮೀಟರ್ ಒಂದೇ ಕಿಲೋಮೀಟರ್ ಓಡಿತ್ತು. ಅಂದರೆ ಮೀಟರ್ ಸರಿಯಾಗಿದೆ, ಸುಳ್ಳು ಇವರದೇ. ಮುಂದಿನ ಕಲ್ಲಿಗೂ ಅಷ್ಟೇ, ಕೂದಲೆಳೆಯಷ್ಟು ವ್ಯತ್ಯಾಸ. ಆಗ ನನಗೆ ಬೇಕಾಗಿದ್ದದ್ದು ಗೆಲುವಲ್ಲ. ದೇವರೇ, ಈ ಮನುಷ್ಯನ ಮಾತೇ ನಿಜವಾಗಲಿ, ನನ್ನ ಬಾಯಿಯೇ ಮುಚ್ಚಿಹೋಗಲಿ ಅಂತ ಬೇಡಿಕೊಂಡೆ.

"ಏನಾಯ್ತೆ?" ಅಂದರು.

"ಸುಮ್ನೆ ಓಡ್ಸಿ. ಮುಳ್ಳು ಐವತ್ತರ ಮೇಲ್ ಐತೆ, ಒಸಿ ನಿಧಾನ."

ಐದನೆಯ ಕಲ್ಲು ದಾಟಿದ ಮೇಲೆ ಅನುಮಾನ ಉಳಿಯಲಿಲ್ಲ. ಕಲ್ಲು ಇನ್ನೂ ದೂರದಲ್ಲಿರುವಾಗಲೇ ಮೀಟರಿನ ಅಂಕಿ ಮಗುಚಿಕೊಳ್ಳುತ್ತಿತ್ತು. ರಸ್ತೆ ಹತ್ತು ಕಿಲೋಮೀಟರ್ ಮುಗಿಯುವ ಹೊತ್ತಿಗೆ ಮೀಟರ್ ಹತ್ತೂ ಮುಕ್ಕಾಲು ತೋರಿಸಿತು. ಹತ್ತಕ್ಕೆ ಮುಕ್ಕಾಲು ಹೆಚ್ಚಾದರೆ ನಲವತ್ತಕ್ಕೆ ಮೂರು. ದಾರಿಯಲ್ಲಿ ನಾವು ಎಲ್ಲೂ ತಿರುಗಿರಲಿಲ್ಲ.

ಚನ್ನಪಟ್ಟಣದಲ್ಲಿ ಪಂಕ್ಚರ್ ಅಂಗಡಿಯ ಮುಷರಫ್ ಮೀಟರಿನ ಕಥೆ ಕೇಳಿದ್ದೇ ನಕ್ಕ.

"ಅಣ್ಣಾ, ಹಬ್ಬ ಆದ್ಮೇಲೆ ಮುಂದಿನ್ ಟೈರು ಒಡೆದಾಗ ನಾನೇ ಅಲ್ವಾ ಇದನ್ನ ಹಾಕಿದ್ದು? ಒಂದ್ ಸೈಜು ಚಿಕ್ಕದು, ಸೆಕೆಂಡ್ ಹ್ಯಾಂಡು ಬೇರೆ, ಸವೆದು ಬೋಳಾಗೈತೆ. ಮೀಟ್ರು ಕೇಬಲ್ಲು ಈ ಚಕ್ರದಿಂದ ತಾನೇ ಬರೋದು? ಚಕ್ರ ಎಷ್ಟ್ ಸುತ್ತು ತಿರುಗ್ತು ಅನ್ನೋದಷ್ಟೇ ಅದಕ್ಕೆ ಗೊತ್ತು. ಸ್ಪೀಡೂ ಹಂಗೇ ಅಕ್ಕಾ, ಮುಳ್ಳು ಐವತ್ತು ಅಂದ್ರೆ ನೀವ್ ಹೋಗ್ತಿರೋದು ನಲವತ್ತಾರೋ ಏಳೋ."

ನೂಲು ಸುತ್ತುವ ಕೈ ನನ್ನದು. ಸಣ್ಣ ರಾಟೆಯಾದರೆ ಅಷ್ಟೇ ಎಳೆಗೆ ಹೆಚ್ಚು ಸುತ್ತು ಬೀಳುತ್ತದೆ ಅನ್ನುವುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗಡಿ ಮುಂದೆಯೇ ಅಳು ಬಂತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

"ಈಗಾದ್ರೂ ಗೊತ್ತಾಯ್ತಾ?" ಇವರು ಎದೆಯುಬ್ಬಿಸಿದರು. "ಗಂಡನ್ ಮಾತ್ಗಿಂತ ಮೀಟ್ರೇ ದೊಡ್ಡದಾಗೋಗಿತ್ತು ನಿಂಗೆ."

"ಆಯ್ತು ಬುಡಿ, ನಂದೇ ತಪ್ಪು. ಊರಿಗೆಲ್ಲ ಡಂಗುರ ಹೊಡಿಬ್ಯಾಡಿ."

ಸರಿಯಾದ ಸೈಜಿನ ಟೈರು ತರಿಸಿಡಲು ಮುಷರಫ್‌ಗೆ ಹೇಳಿ, ಕಾಫಿ ಕುಡಿದು, ಊರ ಕಡೆ ಹೊರಟೆವು. ಇವರು ಏನೋ ಗುನುಗುತ್ತಿದ್ದರು. ನಾನು ಹೆಗಲ ಮೇಲೆ ಕೈಯಿಟ್ಟುಕೊಂಡು, ಎಷ್ಟು ದಿನ ಸುಮ್ಮಸುಮ್ಮನೆ ಈ ಜೀವಕ್ಕೆ ಬೈದೆನಲ್ಲ ಅಂತ ಒಂದೊಂದೇ ಜಗಳ ನೆನೆಯುತ್ತಾ ಬಂದೆ. ಶನಿವಾರ ಬೈದೆ. ಶುಕ್ರವಾರ ತಟ್ಟೆ ಕುಕ್ಕಿದೆ. ಗುರುವಾರ ಮಾತ್ರ ಬೈದಿರಲಿಲ್ಲ. ಅವತ್ತು ನಾಟಿ ಕೋಳಿ ಸಾರು ಮಾಡಿ ಬಡಿಸಿದ್ದೆ, ಯಾಕೆಂದರೆ ಅವತ್ತು ಮೀಟರ್ ಸರಿಯಾಗಿ ನಲವತ್ತೇ ತೋರಿಸಿತ್ತು.

ನನ್ನ ಕೈ ತಾನಾಗಿ ಹೆಗಲಿಂದ ಕೆಳಗಿಳಿಯಿತು. ಗುರುವಾರವೂ ಇದೇ ಟೈರು. ಈ ಟೈರಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಬಂದ ಗಾಡಿ ನಲವತ್ತು ತೋರಿಸಲು ಸಾಧ್ಯವೇ ಇಲ್ಲ.

"ರೀ, ಗುರುವಾರ ಮಾರ್ಕೆಟ್ಟಿಗೆ ಹೋಗಿದ್ರಾ?"

"ಹೂಂ ಕಣೆ. ಯಾಕೆ?"

"ಅವತ್ತು ನಲವತ್ತೇ ಬಂದಿತ್ತು."

ಗುನುಗು ನಿಂತಿತು. ಗಾಡಿ ನಿಧಾನವಾಗುತ್ತಾ ಬಂದು ರಸ್ತೆ ಪಕ್ಕದಲ್ಲಿ ನಿಂತಿತು. ಇವರು ನನ್ನ ಕಡೆ ತಿರುಗಲಿಲ್ಲ.

"ಗೂಡ್ನ ಬೇರೆಯವ್ರ ಟೆಂಪೋಗ್ ಹಾಕಿ ಕಳಿಸ್ಬುಟ್ಟೆ," ಅಂದರು. "ತೋಟದಿಂದ ಎದ್ಮೇಲೆ ಮೀಟ್ರು ನಲವತ್ತಾಗೋಗಂಟ ಸುತ್ತಾಡ್ಕಂಡ್ ಬಂದೆ. ಜಾಸ್ತಿ ಆದ್ರೆ ನೀನ್ ಬಯ್ತೀಯ ಅಂತ. ಒಂದೇ ಸಲ ಕಣೆ ಶ್ವೇತಾ. ನಮ್ಮವ್ವನಾಣೆ, ಒಂದೇ ಸಲ."

"ಮಗಳ ತಲೆ ಮೇಲೆ ಕೈಯಿಟ್ಟಿದ್ದೂ ಒಂದೇ ಸಲ," ಅಂದೆ. "ಬಸ್ ಸ್ಟ್ಯಾಂಡಿಗೆ ತಿರುಗ್ಸಿ."