ನಾಲ್ಕನೇ ಮೇಜು

"ಏ ಬೇವರ್ಸಿ, ನಿನ್ನ ಮಗಳು ಎಲ್ಲಿ ಕೂತಿದ್ದಾಳೆ ನೋಡು! ಕಣ್ಣು ಕಾಣುದಿಲ್ವಾ ನಿಂಗೆ?"

ಗಲ್ಲಾದಿಂದ ಬಂದ ಕೂಗಿಗೆ ಸುಮತಿಯ ಕೈ ತೊಳೆಯುತ್ತಿದ್ದ ಇಡ್ಲಿ ತಟ್ಟೆಯ ಮೇಲೆ ನಿಂತಿತು. ಬಾಯಲ್ಲಿದ್ದ ಕೀರ್ತನೆ ಕತ್ತಲೆಯ ಕಣಿವೆಯ ಸಾಲಿನಲ್ಲಿ ನಿಂತಿತು. ಬೀದರ ಕಡೆಯ ಚರ್ಚಿನಲ್ಲಿ ಅವ್ವ ಕಲಿಸಿದ ಇಪ್ಪತ್ತಮೂರನೆಯ ಕೀರ್ತನೆ ಅದು, ಕುರುಬನ ಹಾಗೆ ಕಾಯುವ ದೇವರದ್ದು. ಊರಿನಿಂದ ದೂರ, ಹಿಂದಿ ಮಾತಿನ ನಡುವೆ, ಫತೇಗಂಜಿನ ಈ ಉಡುಪಿ ಹೋಟೆಲಿನ ಹಿತ್ತಲಲ್ಲಿ ಅದೇ ಅವಳ ಗಡಿಯಾರ. ಲೋಟಕ್ಕೆ ಒಂದು ಸಾಲು, ತಾಟಿಗೆ ಎರಡು, ತಳ ಹತ್ತಿದ ಸಾಂಬಾರಿನ ಪಾತ್ರೆಗೆ ಪೂರ್ತಿ ಕೀರ್ತನೆ, ಮೇಲೊಂದು ಆಮೆನ್. ಉಪ್ಪಿಟ್ಟು ಸೀದ ದಿನ ಎರಡು ಸಲ ಹಾಡಬೇಕು. ಹಾಡುತ್ತಿದ್ದರೆ ಸೊಂಟದ ನೋವು ತಿಳಿಯುತ್ತಿರಲಿಲ್ಲ, ಮಾಲೀಕ ಅಚ್ಯುತರಾಯರ ಬೈಗುಳವೂ.

ಎದ್ದು ಇಣುಕಿದಳು. ಶಾಲೆಗೆ ರಜೆಯೆಂದು ಜೊತೆಗೆ ಬಂದಿದ್ದ ಎಂಟು ವರ್ಷದ ರಶ್ಮಿ, ನಾಲ್ಕನೇ ಮೇಜಿನ ಕುರ್ಚಿಯಲ್ಲಿ ಕಾಲಾಡಿಸುತ್ತಾ ಕೂತಿದ್ದಳು, ಥೇಟ್ ಗಿರಾಕಿಯ ಹಾಗೆ.

"ಎಬ್ಬಿಸು ಅವಳನ್ನು. ಟೇಬಲ್, ಕುರ್ಚಿ ಎರಡನ್ನೂ ಎರಡೆರಡು ಸಲ ತೊಳಿ. ಇಗರ್ಜಿಗೆ ಹೋದ ಕೂಡ್ಲೇ ಜಾತಿ ಹೋಗ್ತದೆ ಅಂತ ಮಾಡಿದ್ಯಾ ಮಾರಾಯ್ತಿ? ನಿಮ್ಮ ಜಾಗ ಎಲ್ಲಿ ಅಂತ ಮಗಳಿಗೆ ಹೇಳಿಲ್ವಾ?"

ಜಾಗ ಮೋರಿಯ ಪಕ್ಕ. ಅಲ್ಲಿ ಗೋಡೆಯ ಮೊಳೆಗೆ ಸುಮತಿಯ ತಾಟು ತೂಗುತ್ತಿತ್ತು. ದೋಸೆ ಹಾಕುವವರು, ಬಡಿಸುವವರು ಒಳಗೆ ಕೂತು ಉಣ್ಣುತ್ತಿದ್ದರು. ಆರು ವರ್ಷದಿಂದ ನಿಂತು ಉಣ್ಣುವವಳು ಅವಳೊಬ್ಬಳೇ.

"ಮಮ್ಮಿ, ಏಕ್ ಬಾತ್ ಕೇಳ್ಲಾ?"

"ಸುಮ್ಕಿರ್ ನನ್ನವ್ವಾ. ತೆಳಗಿಳಿ."

ಒದ್ದೆ ಬಟ್ಟೆ ತಂದು ಮೇಜು ಒರೆಸತೊಡಗಿದಳು. ನಾಲಿಗೆ ತಾನಾಗಿ, ಕೀರ್ತನೆ ನಿಂತ ಕಡೆಯಿಂದಲೇ ಹೊರಟಿತು. ಕಣಿವೆ ದಾಟಿತು. ಮುಂದಿನ ಸಾಲಿನಲ್ಲಿ, ವೈರಿಗಳ ಕಣ್ಣೆದುರಿಗೇ ದೇವರು ಊಟದ ಮೇಜು ಅಣಿ ಮಾಡುತ್ತಾನೆ. ಸಾವಿರ ಸಲ ಹಾಡಿದ್ದಳು. ಅದು ಸತ್ತ ಮೇಲಿನ ಮಾತು, ಸ್ವರ್ಗದ ಮೇಜು ಅಂದುಕೊಂಡಿದ್ದಳು. ನಿನ್ನೆ ರಶ್ಮಿ ವೈರಿ ಅಂದರೇನು ಎಂದು ಕೇಳಿದಾಗ "ದುಶ್ಮನ್" ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದಳು.

ಈಗ ನೋಡಿದರೆ ಮೇಜು ಇಲ್ಲೇ ಇದೆ. ಅಲ್ಲಾಡದಿರಲೆಂದು ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಬೇರೆ.

ಬಟ್ಟೆಯನ್ನು ಹೆಗಲಿಗೆ ಹಾಕಿ ಹಿಂದೆ ಹೋದಳು. ಮೊಳೆಯಿಂದ ತಾಟು ತೆಗೆದು, ಮೂರು ಇಡ್ಲಿ ಹಾಕಿಕೊಂಡು ಬಂದು ಅದೇ ಮೇಜಿಗೆ ಕೂತಳು. ಮಗಳನ್ನೂ ಎತ್ತಿ ಎದುರಿಗೆ ಕೂರಿಸಿದಳು. ಪಕ್ಕದ ಮೇಜಿನಲ್ಲಿ ತಿನ್ನುತ್ತಿದ್ದ ಹಾಸ್ಟೆಲ್ ಹುಡುಗರ ಚಮಚಗಳು ನಿಂತವು.

"ಏಳೇ ರಂಡೆ! ಇನ್ನು ಆ ಟೇಬಲ್ಲಲ್ಲಿ ಯಾರು ಕೂತು ತಿನ್ನುದು?"

"ಯಾಕ್ರೀ ರಾಯರೆ? ಮಂದಿ ಉಣ್ಣೋ ತಾಟೆಲ್ಲ ತೊಳ್ಯಾಕಿ ನಾನೇ ಅಲ್ಲೇನ್ರಿ? ಕೈಗಿಲ್ಲದ ಮೈಲಿಗಿ ಕುಂಡಿಗಿ ಹ್ಯಾಂಗ್ ಬಂತ್ರೀ?"

ಯಾರೋ ಕಿಸಕ್ಕನೆ ನಕ್ಕರು.

"ನಾಳೆಯಿಂದ ಬರಬೇಡ ನೀನು!"

"ನಾಳಿದ್ದು ನಾಳಿಗಿ. ಈಗ ಇಡ್ಲಿ ಬಿಸಿ ಅದ. ಜರಾ ಚಟ್ನಿ ಕೊಡ್ರಿ."

ಸುಮತಿ ತುತ್ತು ಮುರಿದು ಮಗಳ ಬಾಯಿಗಿಟ್ಟಳು. ಅಚ್ಯುತರಾಯರು ಗಲ್ಲಾ ಬಿಟ್ಟು ಬಂದು ಮೇಜಿನ ಮೇಲೆ ಬಾಗಿದರು. ಬಾಯಿತುಂಬ ಇಡ್ಲಿ ಇಟ್ಟುಕೊಂಡೇ ರಶ್ಮಿ ಅವರನ್ನು ಹೊಟ್ಟೆಯಿಂದ ಮುಖದವರೆಗೆ ನಿಧಾನವಾಗಿ ನೋಡಿದಳು.

"ಮಮ್ಮೀ, ಹಾಡಿನಾಗ ದುಶ್ಮನ್ ಬರ್ತಾನಲ್ಲ... ಈ ಅಂಕಲ್ಲೇ ಕ್ಯಾ?"