ಏಡಿಯ ತೂಕ

"ಆರು ಕಾಲು ಕೊಟ್ರೂ ನೆಟ್ಟಗ ನಿಂದ್ರಲಿಕ್ಕ ಬರವಲ್ದು ನೋಡ್ರಿ ಇದಕ್ಕ. ಇನ್ನ ಇದನ್ನ ಹಡದಾಂವ ಎರಡು ಕಾಲಿನ ಮ್ಯಾಲ ಹ್ಯಾಂಗ ನಿಂತಾನೋ ಏನೋ. ಒಂಬತ್ತನೇತ್ತಕ್ಕ ಸಾಲಿ ಬಿಟ್ಟು ಓಡಿ ಬಂದ ಮಂದಿ ನನ್ನ ಖಣಿಗಿ ಬುದ್ಧಿ ಹೇಳ್ಲಿಕ್ಕ ಬಂದಾರ."

ಶಹಾಬಾದಿಗೂ ವಾಡಿಗೂ ನಡುವೆ ಇರುವ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಮಾಲೀಕ ರಮೇಶಕುಮಾರ ಈ ಮಾತು ಆಡಿದ್ದು ಚಹದಂಗಡಿಯ ಮುಂದೆ, ಮೂವತ್ತು ಮಂದಿ ಕಲ್ಲು ಕೆಲಸದವರ ನಡುವೆ. ಅವನ ಬೂಟಿನ ಹತ್ತಿರ ಕಪಿಲನ ಯಂತ್ರ ಅಂಗಾತ ಬಿದ್ದಿತ್ತು. ಎರಡು ಕಾಲು ಮಾತ್ರ ಇನ್ನೂ ಗಾಳಿಯಲ್ಲಿ ಗೀರುತ್ತಿದ್ದವು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂದಿ ನಗುವುದು ಕಪಿಲನಿಗೆ ಹೊಸದೇನಲ್ಲ, ನಗಲಿ. ಆದರೆ ಆ ನಗುವಿನೊಳಗೆ ಅವನ ಅಣ್ಣ ದಶರಥನ ನಗುವೂ ಇತ್ತು. ಚಹದ ಗ್ಲಾಸು ಹಿಡಿದುಕೊಂಡು, ಸಾವ್ಕಾರನ ಮುಖ ನೋಡಿಕೊಂಡು ಅಣ್ಣ ನಕ್ಕ. ಕಪಿಲ ಯಂತ್ರವನ್ನು ಎತ್ತಿ ಚೀಲಕ್ಕೆ ತುರುಕಿದ. ಅವನ ಕಿವಿ ಕಾದ ಹಂಚಿನಂತೆ ಆಗಿತ್ತು.

ಯಾರಿಗಾಗಿ ಮಾಡಿದ್ದನೋ ಅವನೇ ನಕ್ಕಿದ್ದ.

ಆ ಖಣಿಯಲ್ಲಿ ಕಲ್ಲು ಒಂದರ ಮೇಲೊಂದು ಹೇರಿದ ರೊಟ್ಟಿಯಂತೆ ಪದರು ಪದರಾಗಿ ಮಲಗಿರುತ್ತದೆ. ಪದರುಗಳ ನಡುವೆ ತೆಳ್ಳಗೆ ಮಣ್ಣು. ಮಳೆ ಬಂದರೆ ಆ ಮಣ್ಣು ತೊಳೆದುಹೋಗಿ, ಮೇಲಿನ ಪದರು ಕೆಳಗೆ ಆಸರೆಯಿಲ್ಲದೆ ಸೂರಿನಂತೆ ಚಾಚಿಕೊಂಡು ನಿಲ್ಲುತ್ತದೆ. ಮೇಲಿಂದ ನೋಡಿದರೆ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ದೇವರಿಗೂ ತಿಳಿಯದು. ಅದಕ್ಕೇ ಮಳೆ ಬಿದ್ದ ಮರುದಿನ ಒಬ್ಬ ಮನುಷ್ಯ ಮೊದಲು ಇಳಿಯಬೇಕು. ಕೈಯಲ್ಲಿ ಕಬ್ಬಿಣದ ಹಾರೆ ಹಿಡಿದು, ಹೆಜ್ಜೆಗೊಮ್ಮೆ ಕಲ್ಲನ್ನು ಕುಟ್ಟಿ, ಅದರ ಸದ್ದು ಕೇಳಿ ಕಾಲಿಡಬೇಕು. ಠಣ್ ಎಂದರೆ ಕೆಳಗೆ ನೆಲ ಇದೆ. ದಬ್ ಎಂದರೆ ಇಲ್ಲ. ಹದಿನೈದು ವರ್ಷದಿಂದ ಈ ಕೆಲಸ ದಶರಥನದು. ಪಕ್ಕದ ಖಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಅಯ್ಯಪ್ಪ ಹೋದ ಮಳೆಗಾಲದಲ್ಲಿ ಕಲ್ಲಿನಡಿಗೆ ಸಿಕ್ಕು ಸತ್ತ. ಅವನ ಮಣ್ಣು ಮುಗಿಸಿ ಬರುವಾಗಲೇ ಕಪಿಲ ತನ್ನಷ್ಟಕ್ಕೆ ತಾನು ನಿಶ್ಚಯ ಮಾಡಿಕೊಂಡಿದ್ದ: ಅಣ್ಣನಿಗಿಂತ ಮೊದಲು ಬೇರೆ ಏನಾದರೂ ಆ ಕಲ್ಲಿನ ಮೇಲೆ ಕಾಲಿಡಬೇಕು.

ಗಾಲಿಯ ಬಂಡಿ ಅಲ್ಲಿ ನಡೆಯದು, ಹೆಜ್ಜೆ ಹೆಜ್ಜೆಗೂ ಮೆಟ್ಟಿಲು, ಸೀಳು. ಕಾಲೇ ಬೇಕು. ಕಾಗಿಣಾ ಹೊಳೆಯ ದಂಡೆಯ ಬಂಡೆಗಳ ಮೇಲೆ ಏಡಿ ಓಡಾಡುವುದನ್ನು ಚಿಕ್ಕಂದಿನಿಂದ ನೋಡಿದವನು ಅವನು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಉಳಿದದ್ದು ಕಲಿತ. ಆರು ಕಾಲು, ಒಂದೊಂದು ಕಾಲಿಗೆ ಮೂರು ಸಣ್ಣ ಮೋಟರು. ಮೂರು ಕಾಲು ನೆಲದ ಮೇಲೆ ನಿಂತಾಗ ಉಳಿದ ಮೂರು ಮುಂದಕ್ಕೆ ಹೋಗಬೇಕು. ಮೂರು ಕಲ್ಲಿನ ಒಲೆ ಅಲುಗಾಡುತ್ತದೆಯೇ? ಹಾಗೆ.

ಚಹದಂಗಡಿಯ ಮುಂದೆ ಬಿದ್ದದ್ದು ಯಾಕೆ ಎಂಬುದು ಆ ದಿನವೇ ಅವನಿಗೆ ತಿಳಿದಿತ್ತು. ಮೈ ಕಬ್ಬಿಣದ್ದು, ಏಳು ಕಿಲೋ ಭಾರ. ಆ ಮೋಟರುಗಳಿಗೆ ಅಷ್ಟು ತ್ರಾಣವಿಲ್ಲ, ಅದರ ಮೊಣಕಾಲು ಮಡಚಿಕೊಂಡುಬಿಟ್ಟಿತ್ತು. ಕಪಿಲ ಕೆಲಸ ಮಾಡುತ್ತಿದ್ದದ್ದು ಶಹಾಬಾದಿನ ಬಾಬುಮಿಯಾನ ಮೋಟರ್ ರಿಪೇರಿ ಅಂಗಡಿಯಲ್ಲಿ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಯಂತ್ರವನ್ನು ಬಿಚ್ಚಿ ಹರವಿದ. ಕಬ್ಬಿಣವನ್ನೆಲ್ಲ ಗುಜರಿಗೆ ಎಸೆದ.

"ಹಗುರ ಇದ್ದಷ್ಟೂ ಚಲೋ ನಡೀತದ ಬೇಟಾ," ಎಂದ ಬಾಬುಮಿಯಾ. "ಕುಸ್ತಿ ಆಡೂದಲ್ಲ ಅದು, ನಡಿಯೂದು."

ಕಿಟಕಿ ಮಾಡುವವರ ಹತ್ತಿರ ಉಳಿದ ಅಲ್ಯುಮಿನಿಯಂ ತುಂಡು ತಂದು ಕಾಲು ಕತ್ತರಿಸಿದ. ಕತ್ತರಿಸಿದ ಕಾಲಿಗೆ ಸಾಲಾಗಿ ತೂತು ಕೊರೆದ, ಇನ್ನೂ ಹಗುರಾಗಲಿ ಎಂದು. ಹಳೆಯ ಲ್ಯಾಪ್‌ಟಾಪಿನ ಸೆಲ್ಲು ಬಿಡಿಸಿ ಬ್ಯಾಟರಿ ಕಟ್ಟಿದ. ಊರುಗೋಲಿನ ತುದಿಗೆ ಹಾಕುವ ರಬ್ಬರನ್ನು ಪಾದ ಮಾಡಿ, ಒಳಗೊಂದು ಸಣ್ಣ ಸ್ವಿಚ್ಚು ಕೂಡಿಸಿದ. ಪಾದ ಊರಿ, ಮೈಭಾರ ಬಿಟ್ಟಾಗ ಕಲ್ಲು ತಡೆದರೆ ಹಸಿರು ದೀಪ. ಕಲ್ಲು ಅಲುಗಿದರೆ ಕೆಂಪು ದೀಪ ಹತ್ತಿ ಕಾಲು ತಾನೇ ಹಿಂದಕ್ಕೆ ಬರಬೇಕು. ಒಂದೊಂದು ತುಂಡನ್ನೂ ಪಕ್ಕದ ಕಿರಾಣಿಯ ಕಾಟಾದ ಮೇಲೆ ಇಟ್ಟು ತೂಗಿ, ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಕಿರಾಣಿಯ ಸೈದಾನಬಿಗೆ ಸಾಕಾಗಿಹೋಯಿತು.

"ದಿನಾ ಬಂದು ಎಲುಬು ತೂಗಿಕೊಂಡು ಹೋಗ್ತಿ. ಒಂದಿನ ಪಾವು ಸಕ್ರಿನರ ತಗೋ, ಕಾಟಾಕ್ಕ ಮರ್ಯಾದಿ ಇರ್ತದ."

ಎಂಟು ದಿನ ಅಣ್ಣನ ಜೊತೆ ಅವನು ಮಾತಾಡಿರಲಿಲ್ಲ. ಒಂಬತ್ತನೆಯ ದಿನ ದಶರಥ ತಾನೇ ಅಂಗಡಿಗೆ ಬಂದ. ಕೈಯಲ್ಲಿ ಊಟದ ಡಬ್ಬಿ ಇತ್ತು.

"ಉಂಡೀ?"

ಕಪಿಲ ಮೋಟರಿನ ಸ್ಕ್ರೂ ತಿರುಗಿಸುತ್ತಲೇ ಇದ್ದ.

"ಕುಂದ್ರು ದಶರಥ," ಎಂದ ಬಾಬುಮಿಯಾ. "ನಿನ್ನ ತಮ್ಮ ಈಗ ಮೋಟರಿನ ಸಂಗಟನೇ ಮಾತಾಡ್ತಾನ. ಮನಷ್ಯಾರಿಗಿ ಪಗಾರ ಕೊಟ್ಟರೂ ಮಾತಾಡವಲ್ಲ."

ದಶರಥ ಸ್ಟೂಲಿನ ತುದಿಗೆ ಕೂತ. ಬಿರುಕು ಬಿಟ್ಟ ಬೆರಳಿನಿಂದ ಡಬ್ಬಿಯನ್ನು ಮುಂದೆ ಸರಿಸಿದ.

"ಸಾವ್ಕಾರ ನಕ್ಕಾಗ ನಗಬೇಕಾಗ್ತದ ತಮ್ಮಾ. ನಗಲಿಲ್ಲಂದ್ರ ಅಂವ ನಮ್ಮ ಮಾರಿ ನೋಡ್ತಾನ. ಮಾರಿ ನೋಡಿದ್ದು ಮರೆಯಾಂವ ಅಲ್ಲ ಅಂವ."

"ಅದಕ್ಕ ನನ್ನ ಮ್ಯಾಲ ನಗೂದಾ? ನಾ ಇದನ್ನ ಯಾರಿಗಿ ಮಾಡ್ಲಿಕತ್ತೀನಿ, ಅಂವಗಾ?"

"ಗೊತ್ತದ. ಅದಕ್ಕೇ ಎಂಟು ದಿನ ನಿದ್ದಿ ಇಲ್ಲ ನನಗ." ದಶರಥ ಬಾಗಿ, ಮೇಜಿನ ಮೇಲಿದ್ದ ಒಂದು ಕಾಲನ್ನು ಎತ್ತಿ ನೋಡಿದ. ಗುಬ್ಬಿಯಷ್ಟು ಹಗುರಾಗಿತ್ತು. "ಏಡಿ ಇದ್ದಂಗ ಅದ. ಆದರ ಏಡಿಗಿ ಇನ್ನ ನಾಕು ಇರ್ತಾವಲ್ಲ?"

"ಅಷ್ಟು ಮೋಟರ್ ಎಲ್ಲಿಂದ ತರ್ಲಿ?"

"ಇರ್ಲಿ ಬಿಡು, ಅಂಗವಿಕಲ ಏಡಿ."

ಕಪಿಲನಿಗೆ ನಗು ತಡೆಯಲಾಗಲಿಲ್ಲ. ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಅಂದಿನಿಂದ ಯಂತ್ರಕ್ಕೆ ಏಡಿ ಎಂದೇ ಹೆಸರು ಬಿತ್ತು.

ಶ್ರಾವಣದಲ್ಲಿ ಎರಡು ದಿನ ಜಡಿಮಳೆ ಸುರಿದು ನಿಂತಿತು. ಮೂರನೆಯ ಮುಂಜಾನೆ ಕಪಿಲ ಏಡಿಯನ್ನು ಹೊತ್ತು ಖಣಿಗೆ ಹೋದ. ಈಗ ಅದರ ತೂಕ ಮೂರು ಕಿಲೋ ಎಂಟು ನೂರು ಗ್ರಾಂ. ರಮೇಶಕುಮಾರ ಮೊದಲು ಮೂಗು ಮುರಿದ, ಆಮೇಲೆ ಫೋನು ತೆಗೆದು ಹಿಡಿದ.

"ಹೂಂ, ನಡಸು ನೋಡಮು. ಬಿದ್ದರ ಅದೂ ವಿಡಿಯೋದಾಗ ಬರಲಿ."

ಏಡಿ ಬೀಳಲಿಲ್ಲ. ಟಕ ಟಕ ಎಂದು ಮೂರು ಕಾಲು, ಮತ್ತೆ ಮೂರು ಕಾಲು. ತೊಳೆದ ಫರಸಿಯ ಮೇಲೆ ಅದರ ನೆರಳೂ ಜೊತೆಗೇ ನಡೆಯಿತು. ಸೀಳು ಬಂದಲ್ಲಿ ನಿಂತು, ಕಾಲಿನಿಂದ ತಡವಿ, ದಾಟಿತು. ಪದರಿನ ಅಂಚಿನವರೆಗೂ ಹೋಯಿತು. ಆರೂ ಪಾದದಲ್ಲಿ ಹಸಿರು ದೀಪ. ತಿರುಗಿ ಬಂದು ಕಪಿಲನ ಕಾಲ ಹತ್ತಿರ ನಿಂತಾಗ ಮಂದಿ ಚಪ್ಪಾಳೆ ಹೊಡೆದರು, ಅಂದು ನಕ್ಕವರೇ.

ದಶರಥ ಮೇಲಿನ ಅಂಗಿ ಬಿಚ್ಚಿ ಕಲ್ಲಿನ ಮೇಲಿಟ್ಟ. ಹಾರೆ ಎತ್ತಿ ಹೆಗಲ ಮೇಲೆ ಇಟ್ಟುಕೊಂಡ. ಮಂದಿಯ ಕಡೆಗೆ, ಮುಖ್ಯವಾಗಿ ಸಾವ್ಕಾರನ ಕಡೆಗೆ ನೋಡಿ ಹೇಳಿದ:

"ನನ್ನ ತಮ್ಮನ ಏಡಿ ಹೋಗಿ ಬಂದದ. ಇನ್ನ ನಾ ಯಾಕ ಕುಟ್ಟಲಿ?"

ಹದಿನೈದು ವರ್ಷದಲ್ಲಿ ಅವನು ಹಾರೆಯನ್ನು ಹೆಗಲ ಮೇಲಿಟ್ಟು ಆ ಕಲ್ಲಿನ ಮೇಲೆ ನಡೆದದ್ದಿಲ್ಲ. ಮೆರವಣಿಗೆಯಲ್ಲಿ ಹೋಗುವವನ ಹಾಗೆ ಎದೆ ಮುಂದೆ ಮಾಡಿ ನಡೆದ. ಅಣ್ಣ ಇದನ್ನು ಯಾಕೆ ಮಾಡುತ್ತಿದ್ದಾನೆ ಎಂದು ಕಪಿಲನಿಗೆ ಗೊತ್ತಾಯಿತು. ಅಂದಿನ ಆ ನಗುವನ್ನು ಅದೇ ಮಂದಿಯ ಮುಂದೆ ಅಳಿಸುತ್ತಿದ್ದಾನೆ. ಗೊತ್ತಾಗಿ ಕಪಿಲನ ಎದೆ ಉಬ್ಬಿತು. 'ಅಣ್ಣಾ, ಕುಟ್ಟು' ಎನ್ನಬೇಕಿತ್ತು. ಅನ್ನಲಿಲ್ಲ.

ಅಂಚಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಕಲ್ಲು ಮುರಿಯಿತು. ದೊಡ್ಡ ಸದ್ದೇನೂ ಬರಲಿಲ್ಲ, ಒಣ ರೊಟ್ಟಿ ಮುರಿದಷ್ಟೇ. ಪದರು ಅವನನ್ನು ಹೊತ್ತುಕೊಂಡೇ ಕೆಳಗೆ ಹೋಯಿತು. ಅದರ ಹಿಂದೆ ಮೇಲಿನ ಇನ್ನೊಂದು ಪದರು ಜಾರಿ ಅವನ ಮೇಲೆ ಬಿತ್ತು. ಮೂವತ್ತು ಮಂದಿ ಕೂಡಿ ಕಲ್ಲು ಎತ್ತಲು ಎರಡು ತಾಸು ಹಿಡಿಯಿತು. ಕಪಿಲನ ಉಗುರು ಕಿತ್ತುಹೋಗಿದ್ದು ಅವನಿಗೆ ತಿಳಿದದ್ದು ಸಂಜೆ, ಅಣ್ಣನ ಹೆಂಡತಿ, ವೈನಿ ರಮಾಬಾಯಿ ಅವನ ಕೈ ಹಿಡಿದು ಅಳುವಾಗ.

"ಮುಂಜಾನಿ ನಿಮ್ಮಣ್ಣ ಎರಡು ರೊಟ್ಟಿ ಜಾಸ್ತಿ ಕಟ್ಟು ಅಂದ್ರು," ಎಂದಳು ಅವಳು. "ಇವತ್ತು ಕಪಿಲ ನನ್ನ ಜೋಡಿ ಖಣ್ಯಾಗ ಉಣ್ತಾನ, ಮಂದಿ ನೋಡಲಿ ಅಂದ್ರು."

ಮಣ್ಣು ಮಾಡಿ ಬಂದ ಮೇಲೆ ಕಪಿಲ ನೋಟುಬುಕ್ಕು ತೆರೆದ. ಕಾಲು, ನೂರ ಹತ್ತು ಗ್ರಾಂ. ಪಾದ, ಹದಿನೆಂಟು. ಬ್ಯಾಟರಿ, ಆರು ನೂರು. ಸ್ಕ್ರೂಗಳ ತೂಕವನ್ನೂ ಬರೆದಿದ್ದ. ಹಾಳೆ ಹಾಳೆ ತಿರುವಿದರೂ ಅಲ್ಲಿ ಒಬ್ಬ ಮನುಷ್ಯನ ತೂಕ ಇರಲಿಲ್ಲ. ಮೂರು ಕಿಲೋ ಎಂಟು ನೂರು ಗ್ರಾಮಿಗೆ ಕಲ್ಲು ಹೂಂ ಎಂದಿತ್ತು, ಅದರಲ್ಲಿ ಸುಳ್ಳೇನಿಲ್ಲ. ಅರವತ್ತು ಕಿಲೋದ ಅಣ್ಣನ ಬಗ್ಗೆ ಅದನ್ನು ಯಾರೂ ಕೇಳಿರಲೇ ಇಲ್ಲ. ಹಗುರ, ಇನ್ನೂ ಹಗುರ ಎಂದು ತೂತು ಕೊರೆಯುತ್ತ ಕೂತ ಕೈಗಳನ್ನು ಅವನು ಬಹಳ ಹೊತ್ತು ನೋಡಿದ. ಹಾರೆಯ ಪೆಟ್ಟಿನಲ್ಲಿ ಇದ್ದದ್ದು ಏಡಿಯ ಪಾದದಲ್ಲಿ ಇರಲಿಲ್ಲ. ಅದು ಗೊತ್ತಿದ್ದವನು ಒಬ್ಬನೇ, ಅವನೂ ತಮ್ಮನ ಮಾನಕ್ಕಾಗಿ ಹಾರೆಯನ್ನು ಹೆಗಲಿಗೆ ಏರಿಸಿಬಿಟ್ಟ.

ಐದನೆಯ ದಿನ ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಖಣಿಯ ಮೇಲಿನ ಬೇವಿನ ಗಿಡದ ಕೆಳಗೆ ಮೇಜು, ಕುರ್ಚಿ ಹಾಕಿದರು. ಮೇಜಿನ ಮೇಲೆ ಏಡಿ ಇತ್ತು, ಯಾರೋ ಅದರ ಮೈ ಒರೆಸಿ ಇಟ್ಟಿದ್ದರು. ಸುತ್ತ ಅದೇ ಮಂದಿ. ರಮಾಬಾಯಿ ಒಂದು ಕಡೆ ಸೆರಗು ಹೊದ್ದು ನೆಲದ ಮೇಲೆ ಕೂತಿದ್ದಳು.

ರಮೇಶಕುಮಾರ ಫೋನಿನ ವಿಡಿಯೋ ಅಧಿಕಾರಿಯ ಮುಂದೆ ಹಿಡಿದ.

"ನೋಡ್ರಿ ಸರ, ನಮ್ಮ ಕಡಿಂದ ಏನೂ ಕಮ್ಮಿ ಮಾಡಿಲ್ಲ. ಮಷೀನ್ ಬಿಟ್ಟು ಚೆಕ್ ಮಾಡಿಸಿದ ಮ್ಯಾಲೇ ಮನಷ್ಯಾನ್ನ ಇಳಿಸೀವಿ. ಯಾವ ಖಣ್ಯಾಗ ಅದ ಇಂಥ ಮಷೀನ್, ನೀವೇ ಹೇಳ್ರಿ. ಇವರೇ ಮಾಡಿದ್ದು, ಕಪಿಲ ಅವರು. ಭಾಳ ಶಾಣ್ಯಾ. ಮುಂದ್ ಬರ್ರಿ ಕಪಿಲ, ಸಾಹೇಬ್ರಿಗಿ ಹೇಳ್ರಿ."

ವಿಡಿಯೋದಲ್ಲಿ ಏಡಿ ಟಕ ಟಕ ನಡೆಯುತ್ತಿತ್ತು. ಚಪ್ಪಾಳೆಯ ಸದ್ದು ಬಂತು. ಅಣ್ಣ ಅಂಗಿ ಬಿಚ್ಚುವ ಮೊದಲೇ ಅದು ನಿಂತಿತು. ಅಷ್ಟಕ್ಕೇ ಕತ್ತರಿಸಿದ್ದರು.

ಅಧಿಕಾರಿ ಪೆನ್ನು ತೆಗೆದ. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ, ಬಿಸಿಲಿಗೆ ದಣಿದಿದ್ದ.

"ಇಷ್ಟೇ ಹೇಳಪಾ. ಆವತ್ತು ನಿನ್ನ ಮಷೀನ್ ಆ ಕಲ್ಲು ಗಟ್ಟಿ ಅದ ಅಂತ ತೋರಿಸ್ತೋ ಇಲ್ಲೋ?"

ತೋರಿಸಿತ್ತು. ಆರೂ ಹಸಿರು. ಹೌದು ಎಂದರೆ ಸಾವ್ಕಾರ ಇಲ್ಲೇ ಕೈ ತೊಳೆದುಕೊಂಡು ಮನೆಗೆ ಹೋಗುತ್ತಾನೆ, ಅಣ್ಣನ ಸಾವು ಹಣೆಬರಹವಾಗುತ್ತದೆ. ಇಲ್ಲ ಎಂದರೆ ಆ ವಿಡಿಯೋ ಅವನನ್ನು ಸುಳ್ಳುಗಾರ ಮಾಡುತ್ತದೆ. ಇಳಿಸಿದವನು ಸಾವ್ಕಾರ, ನಿಜ. ಕುಟ್ಟು ಎನ್ನದೆ ಹಿಗ್ಗಿದವನು ತಾನು, ಅದೂ ನಿಜ. ಎರಡನ್ನೂ ಒಟ್ಟಿಗೆ ಬರೆದುಕೊಳ್ಳುವಷ್ಟು ಜಾಗ ಆ ಕಾಗದದಲ್ಲಿ ಇರಲಿಲ್ಲ.

"ಹೇಳ್ರಿ, ಅಂಜಬ್ಯಾಡ್ರಿ," ಎಂದು ರಮೇಶಕುಮಾರ ಅವನ ಬೆನ್ನ ಮೇಲೆ ಕೈ ಇಟ್ಟ.

ರಮಾಬಾಯಿ ಸೆರಗು ಸರಿಸಿ ಅವನನ್ನೇ ನೋಡುತ್ತಿದ್ದಳು. "ಹೇಳು ಕಪಿಲ," ಎಂದಳು ಮೆಲ್ಲಗೆ. "ನನಗೂ ತಿಳೀಬೇಕಾಗ್ಯದ. ಏಡಿಗಿ ಏನೂ ಆಗಲಿಲ್ಲ, ಅವರಿಗಿ ಯಾಕ ಆತು?"

ಕಪಿಲ ಬೆನ್ನ ಮೇಲಿನ ಕೈಯನ್ನು ಕೊಡವಿದ. ಮೇಜಿನ ಕಡೆ ನೋಡಲಿಲ್ಲ, ವೈನಿಯ ಕಡೆ ನೋಡಲಾಗಲಿಲ್ಲ. ಮಂದಿ ಸರಿದು ದಾರಿ ಬಿಟ್ಟರು. ಹಿಂದಿನಿಂದ ಅಧಿಕಾರಿ ಇನ್ನೊಮ್ಮೆ ಕರೆದ, ಸಾವ್ಕಾರನೂ ಕರೆದ, ಈಗ ಹೆಸರು ಹಿಡಿದು ಏಕವಚನದಲ್ಲಿ. ಅವನು ಹೌದು, ಇಲ್ಲ ಎರಡನ್ನೂ ಅಲ್ಲೇ ಬಿಟ್ಟು, ಅಂಗಡಿಯಿದ್ದ ಶಹಾಬಾದಿಗೆ ಬೆನ್ನು ಹಾಕಿ, ಕಲ್ಲುಪುಡಿಯ ದಾರಿ ಹಿಡಿದು ವಾಡಿಯ ಕಡೆ ನಡೆಯುತ್ತಲೇ ಹೋದ.